ಶಬ್ದದ ಕಣ್ಣಿನಿಂದ ನೋಡಿದ ಡಾಕ್ಟರ್

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಡಾ. ಇಯಾನ್ ಡೊನಾಲ್ಡ್ 1910ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಜನಿಸಿದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ ಅವರಿಗೆ ರಾಡಾರ್, ಸೋನಾರ್‌ಗಳಲ್ಲಿ ಆಸಕ್ತಿ ಹುಟ್ಟಿತು. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾದರು.

ಮರುವರ್ಷ ಅವರು ಮಾಡಿದ ಕೆಲಸ ಕೇಳಿದರೆ ನಗು ಬರಬಹುದು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು! ಲೋಹದೊಳಗಿನ ಬಿರುಕನ್ನು ಪ್ರತಿಧ್ವನಿಯಿಂದ ಪತ್ತೆ ಮಾಡುವ ಯಂತ್ರ ಅಲ್ಲಿತ್ತು. ಹೋಲಿಸಿ ನೋಡಲು ಕಾರ್ಖಾನೆಯವರು ದೊಡ್ಡದೊಂದು ಮಾಂಸದ ತುಂಡನ್ನೂ ತರಿಸಿಟ್ಟಿದ್ದರು. ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ದ್ರವ ತುಂಬಿದ ಗಡ್ಡೆಯದೇ ಬೇರೆ ಎಂದು ಅಂದು ತಿಳಿಯಿತು.

ಎಂಜಿನಿಯರ್ ಟಾಮ್ ಬ್ರೌನ್ ಮತ್ತು ಡಾ. ಜಾನ್ ಮ್ಯಾಕ್‌ವಿಕಾರ್ ಜೊತೆ ಸೇರಿ ರೋಗಿಗಳ ಪರೀಕ್ಷೆ ಶುರುಮಾಡಿದರು. ಹಲವು ವೈದ್ಯರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆಗ ಹೊಟ್ಟೆ ವಿಪರೀತ ಊದಿದ್ದ ಒಬ್ಬ ಮಹಿಳೆಯನ್ನು ಅವರಿಗೆ ತೋರಿಸಲಾಯಿತು. ಆಕೆಗೆ ಜಠರದ ಕ್ಯಾನ್ಸರ್, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಬೇರೆ ವೈದ್ಯರು ಕೈಚೆಲ್ಲಿದ್ದರು. ಎಕ್ಸ್‌ರೇ ಕೂಡ ಅದನ್ನೇ ಹೇಳುವಂತಿತ್ತು. ಆದರೆ ಸ್ಕ್ಯಾನ್‌ನಲ್ಲಿ ಕಂಡದ್ದು ಅಂಡಾಶಯದ ಭಾರೀ ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ. ಅದು ಕ್ಯಾನ್ಸರ್ ಅಲ್ಲ. ಡೊನಾಲ್ಡ್ ಅದನ್ನು ತೆಗೆದುಹಾಕಿದರು, ಆಕೆ ಬದುಕಿದರು. ಆಮೇಲೆ ಅನುಮಾನಪಟ್ಟವರೂ ರೋಗಿಗಳನ್ನು ಕಳುಹಿಸತೊಡಗಿದರು.

1958ರ ಜೂನ್ 7ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರ ಪ್ರಬಂಧ ಪ್ರಕಟವಾಯಿತು. ಡೊನಾಲ್ಡ್ ಸ್ವತಃ ಹೃದ್ರೋಗಿ. ಹಲವು ಬಾರಿ ಹೃದಯದ ಆಪರೇಷನ್ ಮಾಡಿಸಿಕೊಂಡೂ ಕೆಲಸ ಬಿಡಲಿಲ್ಲ. 1987ರಲ್ಲಿ ತೀರಿಕೊಂಡರು.