ತೊಟ್ಟಿಯಲ್ಲಿ ಕುಳಿತ ಮರಾ
ಫ್ರೆಂಚ್ ಮಹಾಕ್ರಾಂತಿಯ ಉಗ್ರ ಪತ್ರಕರ್ತ ಮರಾ ಮೂಲತಃ ವೈದ್ಯ. 1743ರಲ್ಲಿ ಬೂದ್ರಿಯಲ್ಲಿ ಜನಿಸಿದ ಈತನ ಲೇಖನಿಗಿಂತಲೂ ಮೈತುರಿಯೇ ನನ್ನನ್ನು ಹೆಚ್ಚಾಗಿ ಕಾಡಿದೆ. ವರ್ಷಗಟ್ಟಲೆ ಬಿಡದ ಚರ್ಮವ್ಯಾಧಿಗೆ ಈ ವೈದ್ಯನಿಗೇ ಮದ್ದು ದೊರೆಯಲಿಲ್ಲ. ದೊರೆತದ್ದು ಕ್ಷಣಿಕ ಉಪಶಮನ ಮಾತ್ರ. ತಲೆಗೆ ವಿನಿಗರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ನೀರಿನ ತೊಟ್ಟಿಯಲ್ಲಿ ಕುಳಿತು, ಅಡ್ಡಹಲಗೆಯ ಮೇಲೆ ಗಂಟೆಗಟ್ಟಲೆ ಬರೆಯುತ್ತಿದ್ದನು. ಕೆರೆದಷ್ಟೂ ಚರ್ಮ ಒಡೆದು ತುರಿ ಹೆಚ್ಚುವುದನ್ನು ಅನುಭವಿಸಿದವರು ಆ ನೀರಿನ ಬೆಲೆಯನ್ನು ಬಲ್ಲರು. 1793ರ ಜುಲೈ 13ರಂದು ಷಾರ್ಲೊಟ್ ಕಾರ್ಡೆ ಆ ತೊಟ್ಟಿಯಲ್ಲಿಯೇ ಆತನನ್ನು ಇರಿದಳು. ನೆತ್ತರು ತಾಗಿದ ಪತ್ರಿಕೆಯ ಹಾಳೆಗಳನ್ನು ತಂಗಿ ಜೋಪಾನವಾಗಿರಿಸಿದಳು. ಅವುಗಳ ಡಿಎನ್‌ಎ ಪರೀಕ್ಷೆಯ ಫಲ 2020ರಲ್ಲಿ ಪ್ರಕಟವಾಯಿತು: ಕಜ್ಜಿ, ಕುಷ್ಠ, ಸಿಫಿಲಿಸ್‌ಗಳ ಕುರುಹಿಲ್ಲ, ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರದ ಮೇಲೆ ಸಂಶಯ. ಅಂಥದಕ್ಕೆ ಇಂದು ಔಷಧದಂಗಡಿಯಲ್ಲಿ ಲೇಪ ಸಿಗುತ್ತದೆ.