ಗಳಗನಾಥರ ಗ್ರಂಥಾಭಿರುಚಿ

ಕಾವ್ಯವನ್ನು ರಚಿಸುವ ಪ್ರತಿಭೆ ಬೇರೆ, ಅದನ್ನು ಆಸ್ವಾದಿಸುವ ಪ್ರತಿಭೆ ಬೇರೆ ಎಂದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ವಿವೇಚಿಸಿದ್ದಾರೆ. ಮೊದಲನೆಯದು ಕಾರಯಿತ್ರೀ, ಎರಡನೆಯದು ಭಾವಯಿತ್ರೀ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಈ ಆಸ್ವಾದಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಸುಲಭವಾಗಿ ಯಾವುದನ್ನೂ ಮೆಚ್ಚದವನು ಅರೋಚಕಿ. ಹುಲ್ಲುಕಡ್ಡಿ ಸಮೇತ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಕಾಣದಂತಿರುವವನು ಮತ್ಸರಿ. ಸಾರವನ್ನೇ ಅರಸಿ ಹಿಡಿಯುವವನು ತತ್ತ್ವಾಭಿನಿವೇಶಿ. ಈ ನಾಲ್ಕನೆಯ ಬಗೆಯವರು ಎಲ್ಲ ಕಾಲದಲ್ಲಿಯೂ ವಿರಳ. ತಾನು ಕಂಡ ಸಾರವನ್ನು ಇತರರಿಗೂ ಉಣಬಡಿಸಬೇಕೆಂದು ಬಾಳನ್ನೇ ಸವೆಸುವವರು ಇನ್ನೂ ವಿರಳ. ಕನ್ನಡ ಕಾದಂಬರಿಯ ಪಿತಾಮಹರೆಂದು ಪ್ರಖ್ಯಾತರಾದ ಗಳಗನಾಥರು ಅಂತಹ ವಿರಳರಲ್ಲಿ ಒಬ್ಬರು. ಅವರನ್ನು ಗ್ರಂಥಕರ್ತರೆಂದು ಸ್ಮರಿಸುವವರು ಬಹಳ ಜನ. ಅವರು ಮೊದಲು ಒಬ್ಬ ಓದುಗರಾಗಿದ್ದರು, ತಮ್ಮ ರುಚಿಯನ್ನು ನಂಬಿ ಆಯ್ಕೆ ಮಾಡಿದ ಓದುಗರಾಗಿದ್ದರು ಎಂಬ ಅಂಶವನ್ನು ಇಲ್ಲಿ ಪ್ರಸ್ತಾಪಿಸುವುದು ಉದ್ದೇಶ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ಜನನ 1869ನೆಯ ಇಸವಿಯ ಜನವರಿ 5ರಂದು, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಪುಣ್ಯಸ್ಥಳವದು; ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಅಲ್ಲಿ ಇಂದಿಗೂ ಗಂಭೀರವಾಗಿ ನಿಂತಿದೆ. ಹುಟ್ಟೂರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದ ಅವರು ಆ ಊರಿಗೆ ಅಕ್ಷರಲೋಕದಲ್ಲಿ ಶಾಶ್ವತವಾದ ನೆಲೆಯನ್ನು ಒದಗಿಸಿದರು. ಧಾರವಾಡದಲ್ಲಿ ಶಿಕ್ಷಕ ತರಬೇತಿಯನ್ನು ಪಡೆದು ಕನ್ನಡ ಶಾಲೆಗಳಲ್ಲಿ ಅಧ್ಯಾಪಕರಾಗಿ ವೃತ್ತಿಜೀವನವನ್ನು ಆರಂಭಿಸಿದರು.

ಆ ಕಾಲದ ಪರಿಸ್ಥಿತಿಯನ್ನು ಅರಿಯದೆ ಅವರ ಆಯ್ಕೆಯ ಮಹತ್ತ್ವವನ್ನು ಅರಿಯಲಾಗದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಎಷ್ಟಿತ್ತೆಂದರೆ, ಕನ್ನಡ ಶಾಲೆಗಳು ನೆಲೆಗೊಳ್ಳುವುದಕ್ಕಾಗಿ ಡೆಪ್ಯುಟಿ ಚನ್ನಬಸಪ್ಪನವರಂತಹ ಮಹನೀಯರು ತಮ್ಮ ಆಯುಷ್ಯವನ್ನೇ ಮುಡಿಪಾಗಿಡಬೇಕಾಯಿತು. 1881ರಲ್ಲಿ ಅವರು ಕಾಲವಶರಾದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಉದಯಿಸಿತು. ಶಾಲೆಗಳೇನೋ ಬಂದವು, ಅಕ್ಷರ ಕಲಿತ ಬಾಲಕನು ಶಾಲೆಯನ್ನು ಬಿಟ್ಟ ಮೇಲೆ ಸಂತೋಷಕ್ಕಾಗಿ ಓದಬೇಕೆಂದರೆ ಪುಸ್ತಕಗಳೆಲ್ಲಿ? ಪುರಾಣಗಳಿದ್ದವು, ಯಕ್ಷಗಾನದ ಪ್ರತಿಗಳಿದ್ದವು. ಹೊಸ ಬಗೆಯ ಗದ್ಯಕಥೆಯನ್ನು ಬಯಸಿದವನು ಮರಾಠಿ ಪುಸ್ತಕಕ್ಕೆ ಕೈ ಚಾಚುತ್ತಿದ್ದನು. ಗಳಗನಾಥರೂ ಹಾಗೆಯೇ ಕೈ ಚಾಚಿದವರು. ವ್ಯತ್ಯಾಸವಿಷ್ಟೇ: ಇತರರು ಓದಿ ಸಂತೋಷಪಟ್ಟು ಸುಮ್ಮನಾದರು; ಇವರು ಆ ಸಂತೋಷವನ್ನು ಸಾಲವೆಂದು ಭಾವಿಸಿ ಕನ್ನಡದಲ್ಲಿ ತೀರಿಸಲು ಹೊರಟರು.

ಅವರ ಪ್ರಥಮ ಕೃತಿ ‘ಪ್ರಬುದ್ಧ ಪದ್ಮನಯನೆ’ ವಿದ್ಯಾವರ್ಧಕ ಸಂಘದ ಬಹುಮಾನಕ್ಕೆ ಪಾತ್ರವಾಯಿತು. ಅಲ್ಲಿಂದ ಮುಂದೆ ಅವರ ಮನಸ್ಸು ಹರಿನಾರಾಯಣ ಆಪ್ಟೆಯವರ ಕಾದಂಬರಿಗಳಲ್ಲಿ ನೆಲೆಗೊಂಡಿತು. ಆಪ್ಟೆಯವರು (1864–1919) ಸಾಮಾಜಿಕ, ಐತಿಹಾಸಿಕ ಎರಡೂ ಬಗೆಯ ಕಾದಂಬರಿಗಳನ್ನು ಬರೆದ ಸಮರ್ಥರು. ಬಾಲವಿಧವೆಯರ ದುಃಖವನ್ನು ಚಿತ್ರಿಸಿದ ಅವರ ಸಾಮಾಜಿಕ ಕೃತಿಯನ್ನು ಮರಾಠಿ ವಿಮರ್ಶಕರು ಇಂದಿಗೂ ಶ್ರೇಷ್ಠವೆಂದು ಎಣಿಸುತ್ತಾರೆ. ಆದರೆ ಗಳಗನಾಥರ ಒಲವು ಹೆಚ್ಚಾಗಿ ಐತಿಹಾಸಿಕ ಕಥನದತ್ತ ಹರಿಯಿತು. ಸಿಂಹಗಡದ ವೀರಗಾಥೆ ಅವರ ಕೈಯಲ್ಲಿ ‘ಕಮಲಕುಮಾರಿ’ಯಾಯಿತು. ವಿಜಯನಗರದ ಪತನವನ್ನು ವಸ್ತುವಾಗುಳ್ಳ ‘ವಜ್ರಾಘಾತ’ವು ‘ಕನ್ನಡಿಗರ ಕರ್ಮಕಥೆ’ಯಾಯಿತು.

ಈ ಎರಡನೆಯ ಆಯ್ಕೆಯನ್ನು ಕುರಿತು ಒಂದು ಕ್ಷಣ ನಿಂತು ಯೋಚಿಸಬೇಕು. ಕನ್ನಡ ನಾಡಿನ ಮಹಾಸಾಮ್ರಾಜ್ಯವೊಂದು 1565ರಲ್ಲಿ ನುಚ್ಚುನೂರಾದ ದುರಂತವನ್ನು ಕಾದಂಬರಿಯಾಗಿಸಿದವರು ನೆರೆನಾಡಿನವರು. ಅದನ್ನು ಕನ್ನಡಿಗರು ಮರಾಠಿಯಲ್ಲಿ ಓದಬೇಕಾಗಿತ್ತು. ಗಳಗನಾಥರಿಗೆ ಇದು ಸಹಿಸಲಾಗದ ವಿಪರ್ಯಾಸವಾಗಿ ತೋರಿರಬೇಕು. ಅವರು ಶೀರ್ಷಿಕೆಯನ್ನು ಮಾರ್ಪಡಿಸಿದ ರೀತಿಯನ್ನೇ ನೋಡಬಹುದು. ಮೂಲದ ಹೆಸರು ಆಕಾಶದಿಂದ ಎರಗಿದ ಸಿಡಿಲನ್ನು ಸೂಚಿಸುತ್ತದೆ. ಕನ್ನಡದ ಹೆಸರು ಆ ಹೊಡೆತವನ್ನು ನಮ್ಮವರ ಕರ್ಮದೊಡನೆ ಬೆಸೆಯುತ್ತದೆ. ಒಂದರಲ್ಲಿ ವಿಧಿಯ ಪ್ರಹಾರ, ಇನ್ನೊಂದರಲ್ಲಿ ಆತ್ಮಪರೀಕ್ಷೆ. ಓದುಗನು ತನ್ನ ಸ್ವಂತ ರುಚಿಯಿಂದ ಆಯ್ದುಕೊಂಡ ಗ್ರಂಥದಲ್ಲಿ ತನ್ನ ನಾಡಿನ ಮುಖವನ್ನು ಕಂಡರೆ ಅನುವಾದವೂ ಹೇಗೆ ಸ್ವತಂತ್ರ ಚಿಂತನೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಇದೇ ಅವಧಿಗೆ ತುಸು ಮುನ್ನ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸುತ್ತಿದ್ದರು. ಅವರ ‘ದುರ್ಗೇಶನಂದಿನಿ’ 1885ರಲ್ಲಿ ಪ್ರಕಟವಾಯಿತು. ಒಬ್ಬರ ಒಲವು ವಂಗದೇಶದತ್ತ, ಇನ್ನೊಬ್ಬರದು ಮಹಾರಾಷ್ಟ್ರದತ್ತ. ಯಾವ ಸಮಿತಿಯೂ ಇವರಿಗೆ ಪಟ್ಟಿ ಮಾಡಿ ಕೊಟ್ಟಿರಲಿಲ್ಲ. ಇಬ್ಬರು ವ್ಯಕ್ತಿಗಳ ವೈಯಕ್ತಿಕ ಅಭಿರುಚಿಯೇ ಒಂದು ತಲೆಮಾರಿನ ಕನ್ನಡಿಗರು ಯಾವ ಕಾದಂಬರಿಗಳನ್ನು ಓದಬೇಕೆಂಬುದನ್ನು ನಿರ್ಧರಿಸಿತು. ಇವರಿಬ್ಬರ ಪುಸ್ತಕಗಳನ್ನು ಓದುವುದಕ್ಕಾಗಿಯೇ ಅನೇಕರು ಕನ್ನಡವನ್ನು ಕಲಿತರೆಂಬ ಮಾತು ನಮ್ಮ ಸಾಹಿತ್ಯಚರಿತ್ರೆಯಲ್ಲಿ ರೂಢವಾಗಿದೆ. ಒಬ್ಬನ ರುಚಿ ಎಂಬುದು ಎಷ್ಟು ಗುರುತರವಾದ ವಸ್ತು ಎಂಬುದು ಇದರಿಂದ ವಿದಿತವಾಗುತ್ತದೆ.

1907ರ ಸುಮಾರಿಗೆ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅಧ್ಯಾಪಕ ವೃತ್ತಿಯನ್ನು ತೊರೆದು ಅದರ ಸಂಪಾದನೆಗೆ ನಿಂತರು. ತಿಂಗಳು ತಿಂಗಳೂ ನಿಶ್ಚಿತವಾಗಿ ಬರುತ್ತಿದ್ದ ಸಂಬಳವನ್ನು ಬಿಟ್ಟುಕೊಡುವುದು ಸಂಸಾರವಂದಿಗನಿಗೆ ಸಾಮಾನ್ಯವಾದ ಸಂಗತಿಯಲ್ಲ. ಪತ್ರಿಕೆಯಲ್ಲಿ ಅವರ ಕಾದಂಬರಿಗಳು ಪ್ರಕಟವಾಗತೊಡಗಿದವು. ಒಬ್ಬರು ಓದಿ ಹತ್ತು ಜನ ಕೇಳುತ್ತಿದ್ದ ಕಾಲವದು. ಅದಕ್ಕೆ ತಕ್ಕಂತೆ ಅವರ ಗದ್ಯವೂ ಕಿವಿಗೆ ಹಿತವಾಗಿ, ಸಂಸ್ಕೃತದ ಘನತೆಯನ್ನೂ ಆಡುಮಾತಿನ ಸರಾಗವನ್ನೂ ಕೂಡಿಸಿಕೊಂಡು ಹರಿಯಿತು. ಕೆಲವು ವರ್ಷಗಳ ಅನಂತರ ಚಂದ್ರಿಕೆಯಿಂದ ದೂರ ಸರಿದು ‘ಸದ್ಗುರು’ ಎಂಬ ತಮ್ಮದೇ ಪತ್ರಿಕೆಯನ್ನು ಹೊರಡಿಸಿದರು. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಅವರ ಲೇಖನಿಯಿಂದ ಹೊರಬಂದವು. 1923ರಲ್ಲಿ ಬೆಳಕು ಕಂಡ ‘ಮಾಧವ ಕರುಣಾವಿಲಾಸ’ದಲ್ಲಿ ಅವರು ಅನ್ಯರ ಆಸರೆಯನ್ನು ಬಿಟ್ಟು, ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಸ್ವತಂತ್ರವಾಗಿ ಚಿತ್ರಿಸಿದರು. ಪತನದ ಕಥೆಯನ್ನು ಅನುವಾದಿಸಿದವರು ಉದಯದ ಕಥೆಯನ್ನು ತಾವೇ ಬರೆದರು.

ಇಷ್ಟು ಬರೆದವರಿಗೆ ಐಶ್ವರ್ಯ ದೊರೆಯಿತೆ? ಇಲ್ಲ. ಅಚ್ಚಾದ ಪುಸ್ತಕಗಳು ಮನೆಯಲ್ಲಿ ಉಳಿದವು. ಗಳಗನಾಥರು ಅವುಗಳ ಗಂಟನ್ನು ಕಟ್ಟಿ ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದರು. ಮನೆಮನೆಯ ಬಾಗಿಲಲ್ಲಿ ನಿಂತು ಪುಸ್ತಕವನ್ನು ಕೊಳ್ಳಿರೆಂದು ಕೇಳಿದರು. ಅವರ ಚರಿತ್ರೆಯಲ್ಲಿ ಜನರು ಅತ್ಯಂತ ಭಕ್ತಿಯಿಂದ ನೆನೆಯುವ ಪ್ರಸಂಗವಿದು. ಇದನ್ನು ಬಡತನದ ಕರುಣಕಥೆಯೆಂದು ಮಾತ್ರ ಗ್ರಹಿಸಿದರೆ ಅರ್ಧವನ್ನೇ ಗ್ರಹಿಸಿದಂತೆ. ಮೆಚ್ಚಿದ ಗ್ರಂಥವನ್ನು ಹೊಗಳುವವರು ಹಲವರು. ಅದರ ಭಾರವನ್ನು ಕತ್ತಿನ ಮೇಲೆ ಹೊರಲು ಸಿದ್ಧರಾದವರು ಎಷ್ಟು ಜನ? ತಾನು ಆಯ್ದ ಪುಸ್ತಕಕ್ಕಾಗಿ ತಾನೇ ಹೊಣೆಯಾಗುವುದು, ಕೊಳ್ಳುವವನ ಮುಖವನ್ನು ನೇರವಾಗಿ ನೋಡಿ ಇದು ಓದಲು ಯೋಗ್ಯವೆಂದು ಹೇಳುವುದು, ಇದು ಅಭಿರುಚಿಯ ನಿಜವಾದ ಒರೆಗಲ್ಲು.

ಗುಣಗ್ರಹಣದೊಡನೆ ದೋಷದರ್ಶನವೂ ನ್ಯಾಯವೇ. ಗಳಗನಾಥರ ಅಭಿರುಚಿಗೆ ಮಿತಿಗಳಿದ್ದವು. ನೀತಿಬೋಧೆಯ ಆತುರದಲ್ಲಿ ಕಥೆಯ ಓಟವನ್ನು ಅವರು ಆಗಾಗ ತಡೆಯುತ್ತಾರೆ. ಪಾತಿವ್ರತ್ಯದ ಆದರ್ಶವನ್ನು ಎತ್ತಿ ಹಿಡಿಯುವಲ್ಲಿ ಸ್ತ್ರೀಯ ಅಂತರಂಗದ ಪ್ರಶ್ನೆಗಳನ್ನು ಅವರು ಹೆಚ್ಚು ಕೆದಕುವುದಿಲ್ಲ. ಕಾದಂಬರಿಯ ಇತಿಹಾಸವನ್ನು ಶಾಸನ, ಬಖೈರುಗಳ ಇತಿಹಾಸವೆಂದು ಭ್ರಮಿಸಿದರೆ ಓದುಗನು ದಾರಿ ತಪ್ಪುತ್ತಾನೆ. ಧರ್ಮಧರ್ಮಗಳ ಸಂಘರ್ಷವೆಂದು ಸರಳಗೊಳಿಸಿದ ಪ್ರಸಂಗಗಳನ್ನು ಇಂದಿನ ವಿದ್ಯಾರ್ಥಿಯು ವಿವೇಕದಿಂದ ತೂಗಿ ನೋಡಬೇಕು. ಆದರೆ ಎಲ್ಲರನ್ನೂ ಮೆಚ್ಚಿಸುವ ರುಚಿಯೆಂಬುದು ಇಲ್ಲವೇ ಇಲ್ಲ. ಒಂದು ದಿಕ್ಕಿಗೆ ಒಲಿದ ರುಚಿಗೆ ಇನ್ನೊಂದು ದಿಕ್ಕು ಮಬ್ಬಾಗಿ ಕಾಣುವುದು ಸಹಜ. ಅವರು ಬಿಟ್ಟುದನ್ನು ಅನಂತರದವರು ತಮ್ಮ ರುಚಿಗೆ ಅನುಸಾರವಾಗಿ ಹಿಡಿದರು. ಕನ್ನಡ ಕಾದಂಬರಿಯ ಹೊಳೆ ಹಿರಿದಾದುದು ಹೀಗೆ.

ಬಾಳಿನ ಕೊನೆಯಲ್ಲಿ ಅವರು ಹಂಪೆಯನ್ನು ಆಶ್ರಯಿಸಿದರು. ಯಾವ ನಗರದ ಉದಯಾಸ್ತಮಾನಗಳನ್ನು ಕನ್ನಡಿಗರ ಕಣ್ಣೆದುರಿಗೆ ತಂದರೋ, ಆ ನಗರದ ಕಲ್ಲುಗಳ ನಡುವೆ 1942ರ ಏಪ್ರಿಲ್ 22ರಂದು ಅವರ ದೇಹಯಾತ್ರೆ ಮುಗಿಯಿತು.

ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ ಅವುಗಳಲ್ಲಿ ಬೋಧಿಸುವವರಿಗೂ ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ದಾನಿಗಳ ಔದಾರ್ಯದಿಂದ ಕಪಾಟುಗಳು ತುಂಬಬಲ್ಲವು. ಆದರೆ ಬೀಗ ಹಾಕಿದ ಕಪಾಟಿನಿಂದ ಯಾರಿಗೂ ರುಚಿ ಹುಟ್ಟದು. ಶ್ರೇಷ್ಠ ಕಾದಂಬರಿಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಅಧ್ಯಾಪಕರ ಕರ್ತವ್ಯ ತೀರದು. ತಾನು ಓದಿ ಮರುಳಾದ ಒಂದೇ ಒಂದು ಪುಸ್ತಕವನ್ನು ಗುರುವು ಶಿಷ್ಯನ ಕೈಗಿತ್ತು, ಅದು ತನಗೆ ಏಕೆ ಪ್ರಿಯವಾಯಿತೆಂಬುದನ್ನು ತಿಳಿಸಲಿ. ಶಿಷ್ಯನಿಗೆ ಅದು ರುಚಿಸದಿದ್ದರೆ ಗದರಿಸದೆ ಮತ್ತೊಂದನ್ನು ನೀಡಲಿ. ಹಳೆಯ ವಿದ್ಯಾರ್ಥಿಗಳು ಪುಸ್ತಕವನ್ನು ಕಾಣಿಕೆ ಕೊಡುವಾಗ ಮಾರಾಟಗಾರನು ಕಟ್ಟಿಕೊಟ್ಟ ಕಟ್ಟನ್ನು ತಾರದೆ, ತಾವು ಓದಿ ಬೆಳೆದ ಪುಸ್ತಕವನ್ನೇ ಆರಿಸಿ ತರಲಿ. ಇಂತಹ ಒಂದು ಪುಸ್ತಕ ಒಂದು ಬಾಲಮನಸ್ಸನ್ನು ತಟ್ಟಿದರೂ ಗಳಗನಾಥರು ತಲೆಯ ಮೇಲೆ ಹೊತ್ತ ಹೊರೆಯಲ್ಲಿ ನಾವೂ ಒಂದಿಷ್ಟನ್ನು ಹಂಚಿಕೊಂಡಂತಾಗುವುದು.