ಡಾಲ್‌ಹೌಸಿ ಸ್ಕ್ವೇರ್‌ನ ಲೆಕ್ಕಾಧಿಕಾರಿ

ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ ಬ್ಯಾಂಕು, ವಿಮೆ, ಸರಕಾರಿ ಕಚೇರಿ ಎಂದು ದುಡಿಯುವ ನಮಗೆಲ್ಲ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು: ಸಿ.ವಿ. ರಾಮನ್. ಗ್ಯಾಲಕ್ಸಿಗಳ ನಡುಗರ್ಭವನ್ನು ಇಂದು ಎಕ್ಸ್‌-ರೇ ಕಣ್ಣಿನಿಂದ ನೋಡುವವರು ನೆಚ್ಚುವುದು ಕಿರಣ ಚದುರುವ ಬಗೆಯನ್ನು. ಅದೇ ಚದುರುವಿಕೆಯ ಬೆನ್ನು ಹತ್ತಿದವರು ಈ ಲೆಕ್ಕಾಧಿಕಾರಿ.

ರಾಮನ್ 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. 1907ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಇಲ್ಲಿಗೆ ಬಂದರು. ಆಗ ಈ ಜಾಗದ ಹೆಸರು ಡಾಲ್‌ಹೌಸಿ ಸ್ಕ್ವೇರ್. ಕಚೇರಿಗೂ ಮನೆಗೂ ನಡುವೆ ಟ್ರಾಮ್ ಓಡಾಟ. ಬೌಬಜಾರ್ ರಸ್ತೆಯಲ್ಲಿ ಒಂದು ಫಲಕ ಕಂಡಿತು: ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯದು. ಇಳಿದು ಬಾಗಿಲು ಬಡಿದರು. ಒಳಗೆ ಉಪಕರಣಗಳಿದ್ದವು, ಬಳಸುವವರು ಕಡಿಮೆ. ಅಂದಿನಿಂದ ಬೆಳಗ್ಗೆ ಕಚೇರಿಗೆ ಮೊದಲು, ಸಂಜೆ ಕಚೇರಿಯ ನಂತರ ಅಲ್ಲಿಯೇ ಪ್ರಯೋಗ. ರಂಗೂನ್, ನಾಗಪುರದ ವರ್ಗಾವಣೆಗಳನ್ನೂ ಸೇರಿಸಿ ಹತ್ತು ವರ್ಷ ಹೀಗೇ ನಡೆಯಿತು. ವರ್ಗಾವಣೆಯ ಕಷ್ಟ ಬಲ್ಲವರಿಗೆ ಈ ಹತ್ತು ವರ್ಷದ ತೂಕ ಹೇಳಬೇಕಿಲ್ಲ.

1917ರಲ್ಲಿ ಆಶುತೋಷ್ ಮುಖರ್ಜಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದರು. ಸಂಬಳ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಸರಕಾರಿ ಭದ್ರತೆಯನ್ನು ಬಿಟ್ಟು ಹೋದರು.

1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಕೆ.ಆರ್. ರಾಮನಾಥನ್ ಜೊತೆ ದ್ರವಗಳಲ್ಲಿ ಎಕ್ಸ್‌-ರೇ ಚದುರುವುದನ್ನೂ ಅಧ್ಯಯನ ಮಾಡಿದರು. 1923ರಲ್ಲಿ ಅಮೆರಿಕದ ಕಾಂಪ್ಟನ್, ಎಲೆಕ್ಟ್ರಾನಿಗೆ ಬಡಿದ ಎಕ್ಸ್‌-ರೇ ಶಕ್ತಿ ಕಳೆದುಕೊಂಡು ಹೊರಬರುತ್ತದೆ ಎಂದು ಸಾಬೀತುಪಡಿಸಿದರು. ಕಣ್ಣಿಗೆ ಕಾಣುವ ಬೆಳಕಿಗೂ ಹಾಗೇ ಆಗಬಾರದೇಕೆ? ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಫೆಬ್ರುವರಿ 28ರಂದು ಕಂಡ ಉತ್ತರ ತುಸು ಬೇರೆಯದು. ಅಲ್ಲಿ ಬಣ್ಣ ಬದಲಿಸುವುದು ಅಣುಗಳ ಕಂಪನ. 1930ರ ಡಿಸೆಂಬರ್ 10ರಂದು ಸ್ಟಾಕ್‌ಹೋಮ್‌ನಲ್ಲಿ ನೊಬೆಲ್. ಅದಕ್ಕೆ ಎರಡೇ ದಿನ ಮೊದಲು ಬಿನಯ್, ಬಾದಲ್, ದಿನೇಶ್ ಇಲ್ಲಿನ ರೈಟರ್ಸ್ ಬಿಲ್ಡಿಂಗ್‌ಗೆ ನುಗ್ಗಿದ್ದರು. ಬಿಬಿಡಿ ಎಂದರೆ ಆ ಮೂವರೇ.

ಕಲ್ಕತ್ತ ಕೊನೆಗೆ ಅವರನ್ನು ಉಳಿಸಿಕೊಳ್ಳಲಿಲ್ಲ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ಬೌಬಜಾರ್ ಸಂಸ್ಥೆಯೂ ಜಗಳದಲ್ಲಿ ಕೈತಪ್ಪಿತು. ಬೆಂಗಳೂರಿನಲ್ಲೂ ನಿರ್ದೇಶಕಗಿರಿ 1937ಕ್ಕೇ ಮುಗಿಯಿತು. ಅವರ ಬಿರುಸು ಸ್ವಭಾವದ ಪಾಲೂ ಇದರಲ್ಲಿ ಇತ್ತೆನ್ನಬೇಕು. ಮೈಸೂರು ಸರಕಾರ ಕೊಟ್ಟ ಜಾಗದಲ್ಲಿ 1948ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಸಂಸ್ಕಾರವೂ ಅದರ ಅಂಗಳದಲ್ಲೇ.

ಅವರ ಕೊನೆಯ ವರ್ಷಗಳಲ್ಲಿ ಎಕ್ಸ್‌-ರೇ ಖಗೋಳವಿಜ್ಞಾನ ಇನ್ನೂ ಎಳೆಗೂಸು. ಈಗ ನಮಗೆ ತಿಳಿದಿರುವಂತೆ, ಸಕ್ರಿಯ ಗ್ಯಾಲಕ್ಸಿಯ ನಡುವೆ ದೈತ್ಯ ಕಪ್ಪುಕುಳಿ, ಸುತ್ತ ಸುಳಿಯುವ ಅನಿಲದ ತಟ್ಟೆ. ತಟ್ಟೆಯ ಬೆಳಕು ಮೇಲಿನ ಕಾದ ಎಲೆಕ್ಟ್ರಾನುಗಳಿಗೆ ಬಡಿದು, ಕಾಂಪ್ಟನ್ ಕಂಡದ್ದಕ್ಕೆ ತಿರುವುಮುರುವಾಗಿ, ಶಕ್ತಿ ಪಡೆದು ಎಕ್ಸ್‌-ರೇ ಆಗುತ್ತದೆ. ನಮಗೆ ಹತ್ತಿರದವೇ ಎನ್ನಬಹುದಾದ ಎನ್‌ಜಿಸಿ 1068, ಸರ್ಸಿನಸ್‌ನಂಥವುಗಳಲ್ಲಿ ದಟ್ಟ ಧೂಳು, ಅನಿಲ ನಡುಭಾಗವನ್ನು ಮರೆಮಾಡಿವೆ. ನೇರ ಕಿರಣದ ಬಹುಪಾಲು ಬರುವುದೇ ಇಲ್ಲ. ಪಕ್ಕದ ಅನಿಲಕ್ಕೆ ಬಡಿದು ಚದುರಿದ ಎಕ್ಸ್‌-ರೇ, ಜೊತೆಗೆ ಕಬ್ಬಿಣದ ಪರಮಾಣುಗಳ ಗುರುತು, ಇಷ್ಟರಿಂದಲೇ ಒಳಗಿರುವುದನ್ನು ಊಹಿಸಬೇಕು.

2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಹಾರಿದ ಎಕ್ಸ್‌ಪೋಸ್ಯಾಟ್‌ನಲ್ಲಿ ಪೋಲಿಕ್ಸ್ ಎಂಬ ಉಪಕರಣವಿದೆ. ಅದರ ಗುರಿ ಹೆಚ್ಚಾಗಿ ನಮ್ಮ ಗ್ಯಾಲಕ್ಸಿಯ ಪ್ರಕಾಶಮಾನ ಮೂಲಗಳು. ದೂರದ ಕೇಂದ್ರಗಳು ಅದಕ್ಕೆ ಬಲು ಮಸುಕು. ಒಳಗೆ ಬಂದ ಎಕ್ಸ್‌-ರೇ ಯಾವ ದಿಕ್ಕಿಗೆ ಹೆಚ್ಚು ಚದುರಿತೆಂದು ಎಣಿಸುವುದೇ ಅದರ ಕೆಲಸ. ತಯಾರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.